ಬಲಗಡೆಯ ಮೂಲೆ

ಚಿತ್ರದ ಚೌಕಟ್ಟಿನ ಮೇಲಿಟ್ಟ ರಸಮಟ್ಟದ ಗುಳ್ಳೆ ಇನ್ನೇನು ನಡುವಿಗೆ ಬಂತು ಅನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರು. ಡಾರ್ಕ್‌ರೂಮ್ ಅಕ್ಕ ಏಣಿಯ ಮೇಲಿಂದಲೇ, "ಪ್ರದರ್ಶನ ನಾಳೆಯಿಂದ, ಇವತ್ತು ಒಳಗೆ ಬಿಡಲ್ಲ" ಅಂದಳು. ಚೌಕಟ್ಟನ್ನು ಕೂದಲೆಳೆಯಷ್ಟು ಎಡಕ್ಕೆ ಒತ್ತಿ ತಿರುಗಿ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಹೆಂಗಸಿನ ಎಡಹುಬ್ಬಿನ ಮೇಲೆ ಚಿಕ್ಕದೊಂದು ಗಾಯದ ಕಲೆಯಿತ್ತು. ಅಕ್ಕನ ಕೈ ತಾನಾಗಿ ಏಣಿಯನ್ನು ಬಿಗಿದುಕೊಂಡಿತು. ಆ ಕಲೆಯ ಜೊತೆ ಅವಳು ಮೂರು ದಿನ ಕಳೆದಿದ್ದಳು. ಅದು ಅಚ್ಚಿನಲ್ಲಿ ಮಾಸದಿರಲಿ, ಎದ್ದೂ ಕಾಣದಿರಲಿ ಎಂದು ಎಷ್ಟು ಕಾಗದ ಹಾಳುಮಾಡಿದ್ದಳೋ ಲೆಕ್ಕವಿಲ್ಲ. ಆದರೆ ಆ ಕಲೆಗೆ ಒಂದು ಮೈಯಿದೆ, ಅದು ಚಪ್ಪಲಿ ಹಾಕಿಕೊಂಡು ನಡೆದು ಬಂದೀತು ಎಂದು ಒಂದು ದಿನವೂ ಅವಳ ತಲೆಗೆ ಹೊಳೆದಿರಲಿಲ್ಲ.

ಆ ಕಟ್ಟಡ ಮೊದಲು ಬೆಂಕಿಪೆಟ್ಟಿಗೆ ಕಾರ್ಖಾನೆಯಾಗಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಫೋಟೋ ತೆಗೆಯುವ ನಾಲ್ವರು, ಚಿತ್ರ ಬರೆಯುವ ಇಬ್ಬರು ಸೇರಿ, ಯಾವ ದೊಡ್ಡವರ ಹಂಗೂ ಬೇಡವೆಂದು ಅದನ್ನು ಕಲಾಕೇಂದ್ರ ಮಾಡಿಕೊಂಡಿದ್ದರು. ಕೆಳಗೆ ಎರಡು ಪ್ರದರ್ಶನದ ಕೋಣೆ, ಹಿಂದೆ ನಲವತ್ತು ಕುರ್ಚಿಯ ಸಿನಿಮಾ ಹಾಲು, ಮಹಡಿಯ ಮೇಲೆ ಡಾರ್ಕ್‌ರೂಮು. ಆ ಆರು ಜನರಲ್ಲಿ ಉಳಿದುಕೊಂಡವರು ಇಬ್ಬರೇ. ಒಬ್ಬಳು ಈಗ ನಿರ್ದೇಶಕಿ. ಇನ್ನೊಬ್ಬಳು, ಮೈಗೆಲ್ಲ ರಸಾಯನದ ವಾಸನೆ ಹತ್ತಿಸಿಕೊಂಡು ಊರಿನ ಫೋಟೋದವರಿಗೆಲ್ಲ ಅಕ್ಕನಾದ ಇವಳು. ಅವಳು ಕೈಹಿಡಿದು ಕಲಿಸಿದವರಲ್ಲಿ ಗಡಿಬಿಡಿ ಎಂಬ ಅಡ್ಡಹೆಸರಿನವನೊಬ್ಬ. ಮೊದಲು ಬೈಕಿನಲ್ಲಿ ಪಾರ್ಸೆಲ್ ಹಂಚುತ್ತಿದ್ದವನು. ಹೋದ ವರ್ಷ ಗೋದಾಮಿನ ಛಾವಣಿ ಕುಸಿದು ಹನ್ನೊಂದು ಜನ ಅಡಿಯಲ್ಲಿ ಸಿಕ್ಕಿಕೊಂಡ ದಿನ, ಪೊಲೀಸರು ಕಟ್ಟಿದ ಹಗ್ಗದ ಈಚೆ ಗಂಡನಿಗಾಗಿ ಕಾದು ನಿಂತ ಒಬ್ಬ ಹೆಂಗಸಿನ ಚಿತ್ರ ತೆಗೆದಿದ್ದ. ಆ ಒಂದು ಚಿತ್ರ ಅವನನ್ನು ಎಲ್ಲಿಂದೆಲ್ಲಿಗೋ ಕೊಂಡೊಯ್ದಿತು. ಈಗ ಅದೇ ಚಿತ್ರ ಇಲ್ಲಿನ ಎದುರುಗೋಡೆಯ ನಡುವೆ, ಆಳೆತ್ತರಕ್ಕೆ ನೇತಾಡುತ್ತಿತ್ತು.

ಹೆಂಗಸು ಅದರ ಮುಂದೆ ಹೋಗಿ ನಿಂತಳು. ಅಳಲಿಲ್ಲ. ಅಂಗಡಿಯವನು ಕೊಟ್ಟ ಸಾಮಾನನ್ನು ಪಟ್ಟಿಯ ಜೊತೆ ತಾಳೆ ನೋಡುವವಳಂತೆ ಮೇಲಿಂದ ಕೆಳಕ್ಕೆ ನೋಡಿದಳು.

"ನೀವೇನಾ ಇಲ್ಲಿ ಫೋಟೋ ಮಾಡೋರು?"

"ತೆಗೆದಿದ್ದು ಬೇರೆಯವರು. ಅಚ್ಚು ಹಾಕಿದ್ದು ನಾನು." ಅಕ್ಕ ಏಣಿಯಿಂದ ಇಳಿದಳು. "ನಿಮ್ಮ ಯಜಮಾನ್ರು..."

"ಮೂರನೇ ದಿನ ಸಿಕ್ಕಿದ್ರು." ಅದು ಮುಗಿದ ಮಾತು ಎಂಬಂತೆ ಹೇಳಿದಳು. "ನಾನು ಅದಕ್ಕೆ ಬಂದಿಲ್ಲ. ಇದರಲ್ಲಿ ನನ್ನ ಮಗಳೆಲ್ಲಿ?"

ಅಕ್ಕನಿಗೆ ಥಟ್ಟನೆ ಅರ್ಥವಾಗಲಿಲ್ಲ.

"ಇಲ್ಲಿ ನೋಡಿ," ಹೆಂಗಸು ಚಿತ್ರದ ಬಲಗಡೆಯ ಮೂಲೆಗೆ ಬೆರಳು ತೋರಿಸಿದಳು. "ಈ ಕೈ ಮುಷ್ಟಿ ಕಟ್ಟಿದೆ ಅಲ್ವಾ? ಸುಮ್ಮಸುಮ್ಮನೆ ಯಾರಾದ್ರೂ ಹಿಂಗೆ ಕಟ್ತಾರಾ? ನನ್ನ ಮಗಳ ಕೈ ಇತ್ತು ಅದರೊಳಗೆ. ಮೂರು ಗಂಟೆ ಹೊತ್ತು ಬಿಟ್ಟಿಲ್ಲ ಅವಳು. ಈ ಕಪ್ಪಲ್ಲಿ ಎಲ್ಲಿಗೆ ಹೋದ್ಲು?"

ಅಕ್ಕ ಆ ಮೂಲೆಯತ್ತ ನೋಡಿದಳು. ಗೊತ್ತಿತ್ತು. ಮೂಲ ನೆಗೆಟಿವ್‌ನಲ್ಲಿ ಆ ಮೂಲೆಯಲ್ಲಿ ತಿಳಿಬಣ್ಣದ ಫ್ರಾಕು ಹಾಕಿದ ಒಂದು ಮಗುವಿತ್ತು. ಅಚ್ಚು ಹಾಕಿದಾಗ ಆ ಬಿಳುಪು ನೋಡುವವರ ಕಣ್ಣನ್ನು ತಾಯಿಯ ಮುಖದಿಂದ ಕಿತ್ತು ತನ್ನತ್ತ ಎಳೆಯುತ್ತಿತ್ತು. ಡಾರ್ಕ್‌ರೂಮಿನಲ್ಲಿ ಏನನ್ನಾದರೂ ಕಪ್ಪಾಗಿಸಬೇಕೆಂದರೆ ಅದರ ಮೇಲೆ ಬೆಳಕನ್ನೇ ಹೆಚ್ಚು ಸುರಿಯಬೇಕು. ರಟ್ಟಿನಲ್ಲಿ ತೂತು ಮಾಡಿ, ಉಳಿದುದನ್ನೆಲ್ಲ ಮರೆಮಾಡಿ, ಆ ಮೂಲೆಯೊಂದಕ್ಕೇ ಎರಡೆರಡು ನಿಮಿಷ ಬೆಳಕು ಬಿಟ್ಟಿದ್ದಳು. ಫ್ರಾಕು ಹೋಯಿತು, ಜಡೆ ಹೋಯಿತು, ಕೊನೆಗೆ ಆ ಪುಟ್ಟ ಮಣಿಕಟ್ಟೂ ಹೋಯಿತು. ಗಡಿಬಿಡಿ ನೋಡಿ, "ಅಕ್ಕಾ, ಈಗ ಚಿತ್ರ ಉಸಿರಾಡ್ತಿದೆ" ಅಂದಿದ್ದ. ಪತ್ರಿಕೆಗಳಿಗೆ ಹೋದದ್ದೂ ಆ ಅಚ್ಚೇ. ಯಾರೋ ವಿಮರ್ಶಕರು 'ಶೂನ್ಯವನ್ನು ಹಿಡಿದ ಮುಷ್ಟಿ' ಎಂದು ಒಂದು ಪುಟ ಬರೆದಿದ್ದರು. ಅದನ್ನೇ ಕತ್ತರಿಸಿ ಅಕ್ಕ ಡಾರ್ಕ್‌ರೂಮಿನ ಬಾಗಿಲಿಗೆ ಅಂಟಿಸಿಕೊಂಡಿದ್ದಳು.

"ಕೂತ್ಕೊಳ್ಳಿ" ಅಂದಳು.

"ಕೂರೋಕೆ ಪುರುಸೊತ್ತಿಲ್ಲ. ಲಾಂಡ್ರೀಲಿ ಅರ್ಧ ದಿನ ರಜಾ ಹೇಳಿ ಬಂದಿದೀನಿ, ನಾಲ್ಕು ಗಂಟೆಗೆ ಅವಳ ಸ್ಕೂಲು ಬಿಡುತ್ತೆ." ಆದರೂ ಬೆಂಚಿನ ತುದಿಯಲ್ಲಿ ಕುಳಿತಳು. "ಬಸ್ ಸ್ಟಾಪಲ್ಲೆಲ್ಲ ಇದನ್ನ ಅಂಟಿಸಿದ್ದೀರಲ್ಲ. ಸ್ಕೂಲ್ ಹತ್ರಾನೂ ಇದೆ. ಇವಳು ಅಲ್ಲೀವರೆಗೂ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ಲು, ನಾನು ಅಮ್ಮನ ಕೈ ಬಿಡಲೇ ಇಲ್ಲ, ಒಂದ್ಸಲಾನೂ ಬಿಡಲಿಲ್ಲ ಅಂತ. ಅದೊಂದೇ ಅವಳ ಹತ್ರ ಇದ್ದಿದ್ದು. ಈಗ ಮಕ್ಕಳು ಸುಳ್ಳಿ ಅಂತಾರೆ, ಫೋಟೋದಲ್ಲಿ ನೀನೆಲ್ಲಿದೀಯ ತೋರ್ಸು ಅಂತಾರೆ. ಮೊನ್ನೆ ನನ್ನನ್ನೇ ಕೇಳಿದ್ಲು, ನಾನಿರಲಿಲ್ವೇನಮ್ಮಾ ಅಂತ. ಇದ್ದೆ ಕಣೇ ಪುಟ್ಟೀ ಅಂದ್ರೆ ನಂಬಲ್ಲ. ರಸ್ತೆ ದಾಟೋವಾಗ ಕೈ ಕೊಟ್ರೆ ಹಿಡ್ಕೊಳ್ಳಲ್ಲ."

ಚಿತ್ರದ ಕಡೆ ತಿರುಗಿ, "ಅವಳನ್ನ ವಾಪಸ್ ಹಾಕ್ಕೊಡಿ. ಇನ್ನೇನೂ ಬೇಡ" ಅಂದಳು.

ಅದು ಆಗುವ ಕೆಲಸವೇ. ನೆಗೆಟಿವ್ ಇದ್ದರೆ ಒಂದು ಗಂಟೆಯ ಮಾತು. ಅಕ್ಕ ದೂರದೇಶದಲ್ಲಿದ್ದ ಗಡಿಬಿಡಿಗೆ ಫೋನು ಹಚ್ಚಿದಳು. ಅವನು ಪೂರ್ತಿ ಕೇಳಿಸಿಕೊಂಡ.

"ಅದು ಈಗ ನನ್ನ ಹತ್ರ ಇಲ್ಲಕ್ಕಾ. ಇಲ್ಲಿನ ಸಂಗ್ರಹಾಲಯದವರು ನೆಗೆಟಿವ್ ಸಮೇತ ತಗೊಂಡ್ರು. ನಾನೇ ಕೇಳಿದ್ರೂ ಇನ್ನು ಕೊಡಲ್ಲ. ನಿನಗೆ ಹೇಳ್ಬೇಕು ಅಂತಾನೇ ಇದ್ದೆ."

"ಯಾವಾಗ ಹೇಳ್ತಿದ್ದೆ?"

"ಹೇಳ್ತಿದ್ದೆ ಅಕ್ಕಾ," ಅಂದ. ಅವನ ದನಿ ಹಳೆಯ ಪಾರ್ಸೆಲ್ ಹುಡುಗನದಾಗಿತ್ತು. "ಆ ಮಗು ಅಲ್ಲಿತ್ತು ಅನ್ನೋದನ್ನೇ ಮರೆತುಬಿಟ್ಟಿದ್ದೆ."

ಮಾತು ಕೇಳಿ ನಿರ್ದೇಶಕಿ ತನ್ನ ಕೋಣೆಯಿಂದ ಹೊರಬಂದಿದ್ದಳು. ಅವಳು ಕೆಟ್ಟವಳೇನಲ್ಲ. ಹೆಂಗಸಿಗೆ ತಾನೇ ನೀರು ತಂದುಕೊಟ್ಟಳು, ಕೈಮುಗಿದು ತಪ್ಪಾಯಿತು ಅಂದಳು, "ಈಗಲೇ ಇಳಿಸಿಬಿಡೋಣ" ಎಂದು ಚೌಕಟ್ಟಿಗೆ ಕೈಯನ್ನೂ ಹಾಕಿದಳು. ಅಕ್ಕನೂ ಅವಳೂ ಸೇರಿ ಅದನ್ನು ಇಳಿಸಿ ಗೋಡೆಗೆ ಮುಖಮಾಡಿ ಇಟ್ಟರು. ಬಿಳಿಗೋಡೆಯಲ್ಲಿ ಎರಡು ಮೊಳೆ ಉಳಿದವು. ಹೆಂಗಸು ಆ ಮೊಳೆಗಳನ್ನು ನೋಡಿದಳು, ಆಮೇಲೆ ಕಿಟಕಿಯಾಚೆ ನೋಡಿದಳು. ರಸ್ತೆಯ ಆಚೆಬದಿಯ ತಂಗುದಾಣದಲ್ಲಿ ಬಾಯಿ ತೆರೆದ ಅವಳದೇ ಮುಖ, ಅದರ ಕೆಳಗೆ ಬಸ್ಸಿಗೆ ಕಾದು ಕುಳಿತ ಇಬ್ಬರು.

"ಅದೂ ಇಳಿಯುತ್ತಾ?" ಕೇಳಿದಳು.

"ತಿಂಗಳ ಕೊನೆಗೆ," ನಿರ್ದೇಶಕಿಯ ದನಿ ಉಡುಗಿತ್ತು. "ಆ ಜಾಗ ನಮ್ಮ ಕೈಲಿಲ್ಲ. ಪತ್ರಿಕೆಗಳಲ್ಲಿ ಬಂದಿರೋದು, ಜನರ ಫೋನಿನಲ್ಲಿರೋದು... ಗೋಡೆಯಿಂದ ಇಳಿಸಬಹುದು ಅಮ್ಮಾ. ಊರಿನಿಂದ ಇಳಿಸೋದು ಹೇಗೆ?"

ಹೆಂಗಸು ನೀರಿನ ಲೋಟವನ್ನು ಬೆಂಚಿನ ಮೇಲೆ ಇಟ್ಟಳು. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಕ್ಕ ಒಂದೇ ಉಸಿರಿಗೆ ಮಹಡಿ ಹತ್ತಿ, ಡ್ರಾಯರುಗಳನ್ನೆಲ್ಲ ಕಿತ್ತುಹಾಕಿ ಹುಡುಕಿದಳು. ಸಿಕ್ಕಿದ್ದು ಕಾಂಟ್ಯಾಕ್ಟ್ ಶೀಟು ಒಂದೇ. ಆ ದಿನದ ಮೂವತ್ತಾರೂ ಚಿತ್ರಗಳನ್ನು ಅಂಚೆಚೀಟಿಯಷ್ಟು ಅಳತೆಯಲ್ಲಿ ಸಾಲಾಗಿ ಅಚ್ಚುಹಾಕಿದ ಹಾಳೆ. ಭೂತಗನ್ನಡಿಯ ಜೊತೆ ತಂದು ಹೆಂಗಸಿನ ತೊಡೆಯ ಮೇಲಿಟ್ಟಳು. "ನಾಲ್ಕನೇ ಸಾಲಲ್ಲಿ, ಎರಡನೇದು."

ಹೆಂಗಸು ಬಹಳ ಹೊತ್ತು ಬಗ್ಗಿ ನೋಡಿದಳು. "ಮುಖ ಕಾಣ್ತಿಲ್ಲ."

"ನಿಮ್ಮ ಸೊಂಟಕ್ಕೆ ಮುಖ ಒತ್ಕೊಂಡಿದ್ದಾಳೆ."

"ದೊಡ್ಡದು ಮಾಡೋಕಾಗಲ್ವಾ?"

"ಇದರಿಂದ ದೊಡ್ಡದು ಮಾಡಿದ್ರೆ ಮರಳು ಚೆಲ್ಲಿದಂಗೆ ಬರೀ ಚುಕ್ಕೆ ಕಾಣುತ್ತೆ. ಅವಳು ಇದು ನಾನಲ್ಲ ಅಂತಾಳೆ."

ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಹೆಂಗಸು ಎದ್ದು ಹೊರಟಳು. ಅಕ್ಕ ಏಪ್ರನ್ ಬಿಚ್ಚಿ ಏಣಿಯ ಮೇಲೆ ಎಸೆದು, ಹಾಳೆಯನ್ನೂ ಭೂತಗನ್ನಡಿಯನ್ನೂ ಎತ್ತಿಕೊಂಡು ಹಿಂದೆಯೇ ಓಡಿದಳು. "ನಾನೂ ಬರ್ತೀನಿ. ಅವಳಿಗೆ ನಾನೇ ಹೇಳ್ತೀನಿ."

ಶಾಲೆಯ ಗೇಟಿನ ಮುಂದೆ ಗದ್ದಲವೋ ಗದ್ದಲ. ಗುಂಪಿನ ಕೊನೆಯಲ್ಲಿ, ಬ್ಯಾಗಿನ ಎರಡೂ ಪಟ್ಟಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡ ಹುಡುಗಿಯೊಬ್ಬಳು ಬಂದಳು. ಎಂಟು ವರ್ಷವಿರಬೇಕು. ತಾಯಿಯನ್ನು ನೋಡಿದಳು, ಪಕ್ಕದ ಅಪರಿಚಿತಳನ್ನು ನೋಡಿದಳು, ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟಳು.

ಅಕ್ಕ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲೋ ಚೆಲ್ಲಿಹೋಗಿತ್ತು. "ಆ ಫೋಟೋದಲ್ಲಿ ನೀನಿದ್ದೆ, ಪುಟ್ಟೀ. ಅಮ್ಮನ ಕೈ ಹಿಡ್ಕೊಂಡಿದ್ದೆ. ನಾನು ನಿನ್ನನ್ನ ಅಳಿಸಿಬಿಟ್ಟೆ."

"ಯಾಕೆ?"

ಹುಡುಗಿ ಸಿಟ್ಟಿನಿಂದ ಕೇಳಲಿಲ್ಲ. ಲೆಕ್ಕದ ಮೇಷ್ಟ್ರನ್ನು ಕೇಳುವಂತೆ, ತಿಳಿದುಕೊಳ್ಳಲೆಂದು ಕೇಳಿದಳು.

"ಚಿತ್ರ ಚೆನ್ನಾಗಿ ಕಾಣಲಿ ಅಂತ" ಅಂದಳು ಅಕ್ಕ. ಅದಕ್ಕಿಂತ ನಿಜವಾದ ಮಾತು ಅವಳಲ್ಲಿ ಇರಲಿಲ್ಲ.

ಹುಡುಗಿ ಅದನ್ನು ಮನಸ್ಸಿನಲ್ಲೇ ತಿರುವಿಹಾಕಿದಳು. ತಾಯಿ ಬೇರೆಲ್ಲೋ ನೋಡುತ್ತ ನಿಂತಿದ್ದಳು. ಇನ್ನೇನು ಮಾಡಲೂ ತೋಚದೆ ಅಕ್ಕ ಹಾಳೆಯನ್ನು ಗೇಟಿನ ಪಕ್ಕದ ಕಟ್ಟೆಯ ಮೇಲೆ ಹರಡಿ, ನಾಲ್ಕನೆಯ ಸಾಲಿನ ಮೇಲೆ ಭೂತಗನ್ನಡಿ ಇಟ್ಟುಕೊಟ್ಟಳು. ಹುಡುಗಿ ಬ್ಯಾಗು ಇಳಿಸಿ ಬಗ್ಗಿದಳು.

"ಇದು ನನ್ನ ಫ್ರಾಕು" ಅಂದಳು.

"ಹೌದು."

"ಈಗ ಅದು ಚಿಕ್ಕದಾಯ್ತು." ಕಣ್ಣು ತೆಗೆಯದೆ ಕೇಳಿದಳು, "ಇವೆಲ್ಲ ಅವತ್ತಿಂದೇನಾ?"

"ಅವತ್ತಿಂದೇ. ಬೆಳಗ್ಗೆಯಿಂದ ಸಂಜೆವರೆಗೂ."

"ಹಂಗಾದ್ರೆ ಇದರಲ್ಲಿ ಅಪ್ಪ ಎಲ್ಲಿದಾರೆ?"

ತಾಯಿ ಈ ಕಡೆ ತಿರುಗಿದಳು. ಅಕ್ಕ ಅವಳ ಮುಖ ನೋಡಲಾರದೆ ನೆಲ ನೋಡಿದಳು. "ಅಪ್ಪ ಇದರಲ್ಲಿಲ್ಲ ಕಣಮ್ಮಾ."

"ನೀವು ಸರಿಯಾಗಿ ನೋಡಿರಲ್ಲ" ಅಂದಳು ಹುಡುಗಿ.

ಅವಳು ಭೂತಗನ್ನಡಿಯನ್ನು ಮೊದಲನೆಯ ಸಾಲಿನ ಮೊದಲನೆಯ ಚಿತ್ರಕ್ಕೆ ಸರಿಸಿದಳು. ಖಾಕಿಯವರು, ಮುರಿದ ತಗಡು, ಧೂಳು. ಎರಡನೆಯದು. ಮೂರನೆಯದು. ಒಂದೊಂದರ ಮೇಲೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು; ಗಾಜಿಗೆ ಹಬೆ ಕಟ್ಟಿದರೆ ಲಂಗದ ಅಂಚಿನಿಂದ ಒರೆಸಿ ಮತ್ತೆ ಬಗ್ಗುತ್ತಿದ್ದಳು. ಹಾಳೆಯ ಮೂಲೆ ಗಾಳಿಗೆ ಏಳತೊಡಗಿತು. ತಾಯಿ ಹತ್ತಿರ ಬಂದು ಅದನ್ನು ಒಂದು ಬೆರಳಿನಿಂದ ಒತ್ತಿ ಹಿಡಿದಳು. ಮಕ್ಕಳೆಲ್ಲ ಹೋಗಿ ರಸ್ತೆ ಸದ್ದಡಗಿತು. ಕಾವಲುಗಾರ ಗೇಟಿನ ಒಂದು ಬಾಗಿಲು ಎಳೆದು ಮುಚ್ಚಿ, ಇನ್ನೊಂದಕ್ಕೆ ಕೈಯಿಟ್ಟು, ಕಟ್ಟೆಯ ಬಳಿಯಿದ್ದ ಮೂವರನ್ನೂ ನೋಡುತ್ತ ನಿಂತ. ಹುಡುಗಿ ಹದಿನೆಂಟನೆಯದಕ್ಕೆ ಬಂದಿದ್ದಳು.