ತಾಯಕ್ಕ ಇಳಿಸಿದ ಶ್ರುತಿ

ಕಂಪ್ಲಿ ಕ್ಯಾಂಪಿನ ನಾಟಕದಲ್ಲಿ ಜನ ತಾಯಕ್ಕನ ಗಿಟಾರಿಗೆ ‘ಒನ್ಸ್ ಮೋರ್’ ಕೂಗಿದರು, ಅವಳ ಗಂಡ ಜಡೆಪ್ಪನ ಹಾಡಿಗೆ ಕೂಗಲಿಲ್ಲ. ಪರದೆ ಬಿದ್ದದ್ದೇ ತಡ, ಜಡೆಪ್ಪ ಅವಳ ಎಡಗೈ ಹಿಡಿದು ಎರಡು ಬೆರಳನ್ನು ಹಿಂದಕ್ಕೆ ಮಡಚಿ ಮುರಿದ.

ಇದು ದೊಡ್ಡ ಯುದ್ಧಕ್ಕೆ ಮುಂಚಿನ ಮಾತು. ಜಡೆಪ್ಪ ನಾಟಕ ಕಂಪನಿಯ ಮಾಲಕ, ರಾಜಪಾರ್ಟಿನವನು. ಗಿಟಾರು ಸಂಡೂರು ಗಣಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ತಾಯಕ್ಕನಿಗೆ ಕೊಟ್ಟು ಹೋದದ್ದು. ಹನ್ನೆರಡು ತಂತಿ, ಆರು ಜೋಡಿ.

ಬೆರಳು ಸೊಟ್ಟಗೆ ಕೂಡಿಕೊಂಡವು. ದಪ್ಪ ತಂತಿ ಒತ್ತಿದರೆ ಜೀವ ಹೋಗುವಷ್ಟು ನೋವು. ಕಂಪನಿ ಹೊಸಪೇಟೆಗೆ ಬಂದಾಗ ತಾಯಕ್ಕ ಸಿತಾರಿನ ತೆಳು ಉಕ್ಕಿನ ತಂತಿ ತಂದಳು. ಎಲ್ಲಾ ಜೋಡಿಗೂ ಅದನ್ನೇ ಕಟ್ಟಿದರೆ ಮಂದ್ರದ ತಂತಿಗಳು ಸಡಿಲಾಗಿ ಗರಗರ ಅಂದವು. ಅಲ್ಲಿ ಮತ್ತೆ ದಪ್ಪ ತಂತಿಯನ್ನೇ ಹಾಕಿ, ಒತ್ತದೆ ಮೀಟಿದರೂ ಸಾ–ಪಾ ನುಡಿಯುವಂತೆ ಕೂಡಿಸಿದಳು. ಬೆರಳಾಡುವ ಕಡೆಗಷ್ಟೇ ತೆಳು. ಇಡೀ ಶ್ರುತಿಯನ್ನೂ ಇಳಿಸಿದಳು. ಮೀಟಿದಾಗ ಕಂಪನಿ ಇಳಿದಿದ್ದ ಮನೆ ತುಂಬಾ ನಾದ. ಅತ್ತೆ ಮುದುಕಮ್ಮ ಒಲೆ ಬಿಟ್ಟು ಎದ್ದು ಬಂದು ಕೇಳಿದಳು.

ಮಧ್ಯಾಹ್ನ ತಾಲೀಮಿಗೆ ಕೂತಾಗ ಜಡೆಪ್ಪನ ಮುಖ ಕೆಂಪಾಯಿತು.

“ಲೇ, ಶ್ರುತಿ ಏರಿಸು! ನನ್ನ ದನಿಗೆ ಇದು ಸಾಲಲ್ಲ.”

“ಅಷ್ಟು ಎಳದ್ರ ತಂತಿ ಹಿಡಿದ ಪಟ್ಟಿನೇ ಕಿತ್ತು ಬರತೈತ್ರಿ. ನೀವ ಸ್ವಲ್ಪ ಇಳದು ಹಾಡ್ರಿ.”

“ನಾ ಇಳೀಬೇಕೇನು?”

ಹೊಡೆತಕ್ಕೆ ತಾಯಕ್ಕನ ತುಟಿ ಒಡೆಯಿತು. ಜಡೆಪ್ಪ ಗಿಟಾರು ಕಸಿದುಕೊಂಡು ಬಿರಡೆಗಳನ್ನು ತಿರುವಿದ. ತೆಳು ತಂತಿಗಳು ಪಟಪಟ ಹರಿದವು. ತಿರುವುತ್ತಲೇ ಹೋದ. ಪಟ್ಟಿ ಸಿಡಿದು ಕಿತ್ತು ಬಂತು. ಕಂಪನಿಯವರೆಲ್ಲ ನೋಡುತ್ತ ನಿಂತಿದ್ದರು. ಒಬ್ಬನೂ ಹತ್ತಿರ ಬರಲಿಲ್ಲ. ಜಡೆಪ್ಪ ಜೋತುಬಿದ್ದ ದಪ್ಪ ತಂತಿ ಎಳೆದು ಹೆಂಡತಿಯ ಕೊರಳಿಗೆ ಸುತ್ತಿದ.

“ಈಗ ಹೇಳು, ಎಷ್ಟು ಏರಿಸ್ಲಿ?”

ತಂತಿ ಚರ್ಮ ಕೊರೆದು ಒಳಗಿಳಿಯಿತು. ತಾಯಕ್ಕನ ಕಾಲು ನೆಲ ಒದೆಯುತ್ತಿದ್ದವು.

ಹಿತ್ತಲಲ್ಲಿ ಖಾರ ಕುಟ್ಟುತ್ತಿದ್ದ ಮುದುಕಮ್ಮ ಕೈಯಲ್ಲಿ ಒನಕೆ ಹಿಡಿದೇ ಓಡಿ ಬಂದಳು. “ಬಿಡೋ ಜಡ್ಯಾ! ಸಾಯ್ತಾಳ ಬಿಡೋ!” ಮಗ ತಿರುಗಿ ನೋಡಲಿಲ್ಲ, ಇನ್ನೂ ಬಿಗಿದ. ಮುದುಕಿ ಒನಕೆಯನ್ನು ಎತ್ತಿ ಅವನ ತಲೆಯ ಮೇಲೆ ಹಾಕಿದಳು.

ಬಿದ್ದವನು ಏಳಲಿಲ್ಲ. ಅವಳು ಮೊದಲು ಸೊಸೆಯ ಕೊರಳಿನ ತಂತಿ ಬಿಡಿಸಿದಳು. ಆಮೇಲೆ ಮಗನ ತಲೆ ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ರಕ್ತ ಒರೆಸುತ್ತ ಕೂತಳು. ಪೊಲೀಸರು ಬಂದಾಗಲೂ ಹಾಗೇ ಕೂತಿದ್ದಳು.

“ಸೊಸಿದೇನೂ ತಪ್ಪಿಲ್ರಿ. ಹಡದಾಕಿ ನಾ, ಹೊಡದಾಕಿನೂ ನಾ.”

ಮುದುಕಮ್ಮನಿಗೆ ಬಳ್ಳಾರಿ ಜೈಲಾಯಿತು. ತಾಯಕ್ಕ ಗಿಟಾರಿನ ಪಟ್ಟಿ ಮತ್ತೆ ಕೂಡಿಸಿಕೊಂಡು ಬೇರೆ ಕಂಪನಿ ಸೇರಿದಳು. ತಂತಿ ಕೊರೆದ ಕೊರಳಿನ ದನಿ ಒಡೆದು ಹೋಗಿತ್ತು, ಕೈ ಮಾತ್ರ ನುಡಿಯುತ್ತಿತ್ತು. ಬಿಡುವಾದಾಗಲೆಲ್ಲ ರೊಟ್ಟಿ ಕಟ್ಟಿಕೊಂಡು ಅತ್ತೆಯನ್ನು ನೋಡಲು ಹೋಗುತ್ತಿದ್ದಳು. ಒಂದು ಸಲ ಮುದುಕಿ ರೊಟ್ಟಿಯನ್ನು ತಿನ್ನದೆ ಕೈಯಲ್ಲೇ ಹಿಡಿದು ಕೂತಳು.

“ಸಣ್ಣಾಂವ ಇದ್ದಾಗ ಭಾಳ ಛಂದ ಹಾಡ್ತಿದ್ದ, ತಾಯವ್ವಾ.”

ತಾಯಕ್ಕ ಅತ್ತೆಯ ಕೈಯಲ್ಲಿದ್ದ ರೊಟ್ಟಿಯನ್ನು ಮುರಿದು ತುತ್ತು ಮಾಡಿಕೊಟ್ಟಳು. “ಉಣ್ರಿ ಅತ್ತಿ,” ಅಂದಳು.