ಸಾಫ್ಟ್ ಬೆಲ್ ಒಂಬತ್ತು

ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ ತಮ್ಮ ಮತ್ತೆ ಮೇಲೇಳಲೇ ಇಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಹಾಗೇ ಮೊಣಕಾಲಿಗೆ ಹಣೆ ಹಚ್ಚಿಕೊಂಡು ಕೂತುಬಿಟ್ಟ. ಹನ್ನೊಂದಕ್ಕೆ ರೈಲು ಕಚೇರಿಯಲ್ಲಿರಬೇಕು, ಆಗಲೇ ಒಂಬತ್ತೂಮುಕ್ಕಾಲು. ಅವನ ಸ್ಪೀಕರಿನ ಚೀಲವನ್ನು ಹೆಗಲಿಗೇರಿಸಿಕೊಂಡು ಅಕ್ಕ ಕಾಯುತ್ತಿದ್ದಳು.

"ಏನೋ ಅದು, ದಾರ ಕಟ್ಟೋಕೂ ಮುಹೂರ್ತ ಬೇಕಾ?"

"ಅಕ್ಕಾ, ಅದು ನಾನು ಮಾಡಿದ್ದಲ್ಲ."

"ಯಾವುದು?" ಯಾವುದೆಂದು ಚೆನ್ನಾಗಿ ಗೊತ್ತಿದ್ದೇ ಕೇಳಿದಳು.

"ಆ ಸದ್ದು. ಪ್ರಿಸೆಟ್ ಅದು. ಸಾಫ್ಟ್‌ವೇರಲ್ಲಿ ಕಂಪನಿಯೋರು ಮಾಡಿಟ್ಟಿರ್ತಾರಲ್ಲ, ರೆಡಿ ಸದ್ದುಗಳು, ಅದರಲ್ಲಿ ಒಂದು. ಸಾಫ್ಟ್ ಬೆಲ್ ಒಂಬತ್ತು. ನಾನು ಅದರಲ್ಲಿ ಮೂರು ಸಲ ಒಂದೇ ಕೀ ಒತ್ತಿದೆ, ಅಷ್ಟೇ." ಅವನು ನೆಲಕ್ಕೇ ಮಾತಾಡುತ್ತಿದ್ದ. "ಇವತ್ತು ಸಿಕ್ಕಿಬೀಳ್ತೀನಿ."

ಸಿಕ್ಕಿಬೀಳುವುದರಲ್ಲಿ ಅನುಮಾನವೇನೂ ಇರಲಿಲ್ಲ. ಊರಿಗೆ ಹೊಸ ರೈಲು ಮಾರ್ಗ ಬರುತ್ತಿತ್ತು. ನಿಲ್ದಾಣದಲ್ಲಿ ಪ್ರತಿ ಸೂಚನೆಗೂ ಮೊದಲು ಮೊಳಗಲು ಒಂದು ಸದ್ದು ಬೇಕೆಂದು ರೈಲಿನವರು ಸ್ಪರ್ಧೆ ಇಟ್ಟಿದ್ದರು. ನಲವತ್ತಕ್ಕೂ ಹೆಚ್ಚು ಜನ ಕಳಿಸಿದ್ದರಲ್ಲಿ ಮೂವರದು ಉಳಿದಿತ್ತು, ಆ ಮೂವರಲ್ಲಿ ಇವನೊಬ್ಬ. 'ಈ ಸದ್ದನ್ನು ನಾನೊಬ್ಬನೇ ರೂಪಿಸಿದ್ದೇನೆ, ಯಾವ ಸಿದ್ಧ ಸದ್ದನ್ನೂ ಹಾಗೆಯೇ ಬಳಸಿಲ್ಲ' ಎಂಬ ಕಾಗದಕ್ಕೆ ಸಹಿಯನ್ನೂ ಹಾಕಿದ್ದ. ಇವತ್ತು ಮೂವರೂ ಪರೀಕ್ಷಕಿಯ ಎದುರು ತಮ್ಮ ತಮ್ಮ ಸದ್ದನ್ನು ಬಿಚ್ಚಿ ತೋರಿಸಬೇಕು. ಆಕೆ ಯಾವ ಪ್ರಿಸೆಟ್ಟನ್ನಾದರೂ ಎರಡು ಕ್ಷಣ ಕೇಳಿ ಹೆಸರು ಹೇಳುವ ಹೆಂಗಸು ಎಂದು ಅವನು ಕೆಲಸ ಮಾಡುವ ವಾದ್ಯದ ಅಂಗಡಿಯಲ್ಲೆಲ್ಲ ಮಾತು.

ಅಕ್ಕ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಏಳು, ಟ್ಯಾಕ್ಸಿ ಬಂದಿದೆ" ಎಂದಷ್ಟೇ ಹೇಳಿದಳು. ಹೇಳುವಾಗ ಅವನತ್ತ ನೋಡಲಿಲ್ಲ. ಅದಕ್ಕೆ ಕಾರಣವೇ ಬೇರೆ.

ಸಾಫ್ಟ್ ಬೆಲ್ ಒಂಬತ್ತು ಅವಳದು.

ಅಕ್ಕ ಕಿವಿ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡುವವಳು. ಗಾಜಿನ ಕೋಣೆಯೊಳಗೆ ಜನರನ್ನು ಕೂರಿಸಿ, ಅವರ ಕಿವಿಗೆ ಒಂದೊಂದೇ ಸದ್ದು ಬಿಟ್ಟು, ಕೇಳಿಸಿದಾಗ ಕೈ ಎತ್ತಿ ಎನ್ನುವುದು ಅವಳ ಹದಿನಾರು ವರ್ಷದ ಕೆಲಸ. ಮನೆಯಲ್ಲಿ ಅಮ್ಮನ ಕಿವಿಯೇ ಮೇಲಿನ ಸ್ವರಗಳಿಗೆ ಮುಚ್ಚಿಕೊಳ್ಳುತ್ತ ಬಂದಿತ್ತು. ಯಂತ್ರ ಹಾಕಿಕೋ ಎಂದರೆ, "ನನಗೇನು ವಯಸ್ಸಾಗಿದೆಯಾ" ಎಂದು ಎಪ್ಪತ್ತಮೂರು ವರ್ಷದ ಅಮ್ಮ ಅದನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಎಲ್ಲಿಟ್ಟೆನೆಂದು ಮರೆಯುತ್ತಿದ್ದರು. ಪಕ್ಕದಲ್ಲೇ ಫೋನು ಹೊಡೆದುಕೊಂಡರೂ ಅವರಿಗೆ ಕೇಳಿಸುತ್ತಿರಲಿಲ್ಲ. ಅಮ್ಮನಿಗೆ ಕೇಳಿಸುವಂಥ ಒಂದು ರಿಂಗ್ ಮಾಡೋಣವೆಂದು, ತನಗೆ ರಜೆಯಿದ್ದು ತಮ್ಮ ಅಂಗಡಿಗೆ ಹೋದ ಮಧ್ಯಾಹ್ನಗಳಲ್ಲಿ ಅಕ್ಕ ಅವನ ಕಂಪ್ಯೂಟರಿನ ಮುಂದೆ ಕೂರತೊಡಗಿದ್ದಳು. ಸಂಗೀತದಲ್ಲಿ ಅವಳು ಶುದ್ಧ ದಡ್ಡಿ. ಆದರೆ ಸದ್ದು ಎಂದರೇನು, ಅದು ಯಾವ ಕಿವಿಯಲ್ಲಿ ಎಲ್ಲಿ ಸತ್ತುಹೋಗುತ್ತದೆ ಎನ್ನುವುದು ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಪಟ್ಟಿಯಲ್ಲಿದ್ದ ಸಾಫ್ಟ್ ಬೆಲ್ ಎಂಟನ್ನು ತೆಗೆದುಕೊಂಡು ಎರಡು ತಿಂಗಳು ತಿದ್ದಿದಳು. ಅಮ್ಮನನ್ನು ಬೆನ್ನು ತಿರುಗಿಸಿ ಕೂರಿಸಿ, ಕೇಳಿಸಿದರೆ ಕೈ ಎತ್ತು ಎಂದಳು. ಒಂದು ದಿನ ಅಮ್ಮ ಥಟ್ಟನೆ ಕೈ ಎತ್ತಿದ್ದಲ್ಲದೆ ತಿರುಗಿಯೂ ನೋಡಿದರು. ಅವತ್ತೇ ಅದನ್ನು ಉಳಿಸಿಟ್ಟಳು. ಹೆಸರೇನು ಎಂದು ಸಾಫ್ಟ್‌ವೇರ್ ಕೇಳಿತು. ಎಂಟರ ಮುಂದೆ ಒಂಬತ್ತು ತಾನೇ ಎಂದುಕೊಂಡು ಸಾಫ್ಟ್ ಬೆಲ್ 9 ಎಂದು ಒತ್ತಿದಳು. ಅದು ಹೋಗಿ ಕಂಪನಿಯ ಎಂಟು ಬೆಲ್ಲುಗಳ ಕೆಳಗೆ ಒಡಹುಟ್ಟಿದ ಹಾಗೆ ಕೂತುಕೊಂಡಿತು.

ಹತ್ತು ದಿನವೂ ಆಗಿರಲಿಲ್ಲ, ತಮ್ಮ ಸಂಜೆ ಅಮ್ಮನನ್ನೂ ಅಕ್ಕನನ್ನೂ ಕೂರಿಸಿಕೊಂಡು, "ಮೂರು ತಿಂಗಳು ತಲೆ ಕೆಡಿಸ್ಕೊಂಡು ಹುಟ್ಟಿಸಿದ ಸದ್ದು" ಎಂದು ಇದನ್ನೇ ನುಡಿಸಿದ್ದ. ಅಮ್ಮ ತಲೆಯಾಡಿಸಿ ಚೆನ್ನಾಗಿದೆ ಎಂದಿದ್ದರು. ಅಕ್ಕ ಎದ್ದು ಅಡುಗೆಮನೆಗೆ ಹೋಗಿದ್ದಳು. ನನ್ನ ಕಣ್ಣೆದುರೇ ನನ್ನದನ್ನು ಎತ್ತಿಕೊಂಡು ನನಗೇ ತೋರಿಸುತ್ತಾನಲ್ಲ ಎಂದು ಅವಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಅಂದಿನಿಂದ ತಿಂಗಳಾಯಿತು, ಅವನೊಂದಿಗೆ ಅವಳ ಮಾತು ಊಟ ಆಯ್ತಾ, ನೀರು ಬಿಸಿ ಇದೆ ಎಂಬಲ್ಲಿಗೆ ಮುಗಿಯುತ್ತಿತ್ತು. ಅಮ್ಮನ ಫೋನಿಗೆ ಆ ರಿಂಗನ್ನು ಹಾಕುವ ಮನಸ್ಸೂ ಬಂದಿರಲಿಲ್ಲ. ಇವತ್ತು ಸ್ಪೀಕರ್ ಹೊರಲು ಒಪ್ಪಿದ್ದೂ ಅಮ್ಮ ಹೇಳಿದ್ದಕ್ಕೆ.

ಈಗ ನೋಡಿದರೆ ಮಹಾರಾಯನಿಗೆ ಅದು ಅಕ್ಕನದು ಎಂಬುದೇ ಗೊತ್ತಿಲ್ಲ. ಕದ್ದದ್ದಂತೂ ನಿಜ, ಆದರೆ ಕಂಪನಿಯದನ್ನು ಕದ್ದೆ ಎಂದುಕೊಂಡಿದ್ದಾನೆ. ತಿಂಗಳಿಡೀ ಹೊತ್ತ ಸಿಟ್ಟನ್ನು ಇಳಿಸುವುದೋ ಇನ್ನಷ್ಟು ಏರಿಸುವುದೋ ಅವಳಿಗೆ ತಿಳಿಯಲಿಲ್ಲ.

ಟ್ಯಾಕ್ಸಿ ಸೇತುವೆಯ ಮೇಲೆ ನಿಂತಿತು. ಮುಂದೆ ಲಾರಿಗಳ ಸಾಲು. ತಮ್ಮ ಗಡಿಯಾರ ನೋಡಿದ, ಕಿಟಕಿ ನೋಡಿದ, ಮತ್ತೆ ಗಡಿಯಾರ ನೋಡಿದ. ಅವನ ಕುತ್ತಿಗೆಯಲ್ಲಿ ಬೆವರಿಳಿಯುತ್ತಿತ್ತು. ಮೂವತ್ತೆರಡು ವರ್ಷ ವಯಸ್ಸು, ಅದರಲ್ಲಿ ಹನ್ನೊಂದು ವರ್ಷ ಅಂಗಡಿಯಲ್ಲಿ ಗಿರಾಕಿಗಳಿಗೆ ಕೀಬೋರ್ಡು ನುಡಿಸಿ ತೋರಿಸುವುದರಲ್ಲೇ ಕಳೆದಿತ್ತು. ಅಷ್ಟೂ ವರ್ಷದಲ್ಲಿ ಅವನದು ಎನ್ನುವಂಥ ಒಂದೂ ಸದ್ದು ಹುಟ್ಟಿರಲಿಲ್ಲ. ಅಕ್ಕನಿಗೆ ತಡೆಯಲಾಗಲಿಲ್ಲ.

"ಕಂಪನಿಯದು ಎಂಟರವರೆಗೆ ಮಾತ್ರ ಕಣೋ. ಒಂಬತ್ತು ನಾನು ಮಾಡಿದ್ದು."

ಅವನು ಅರ್ಥವಾಗದವನ ಹಾಗೆ ನೋಡಿದ. ಅವಳು ಅಮ್ಮನ ಫೋನಿನ ವಿಷಯ ಶುರುಮಾಡುವಷ್ಟರಲ್ಲಿ ಅವನ ಮುಖಕ್ಕೆ ರಕ್ತ ಬಂದಿತ್ತು.

"ಅಂದ್ರೆ ಅದು ಬೇರೆ ಯಾರ ಹತ್ರನೂ ಇಲ್ಲ?"

"ಇಲ್ಲ."

"ಆಯಮ್ಮನ ಹತ್ರನೂ ಇರಲ್ಲ. ಅಕ್ಕಾ, ಬದುಕಿಸಿಬಿಟ್ಟೆ." ಅವನು ಫೋನು ತೆಗೆದು ಬರೆದುಕೊಳ್ಳಲು ಸಿದ್ಧನಾದ. "ಬೇಗ ಹೇಳು. ಏನೇನು ತಿರುಗಿಸಿದೆ? ಎಷ್ಟೆಷ್ಟು?"

ಹೇಳಿದಳು. ಗಂಟೆಯ ಮೇಲಿನ ಕಿಣಿಕಿಣಿಯನ್ನೆಲ್ಲ ಸಾವಿರದ ಆರುನೂರು ಹರ್ಟ್ಜ್‌ಗೆ ಕತ್ತರಿಸಿದ್ದು, ಗಂಟೆಗೆ ಏಟು ಬಿದ್ದಾಗಿನ ಸ್ವರವನ್ನು ಕೆಳಗಿಳಿಸಿದ್ದು, ಒಂದೇ ಸ್ವರವನ್ನು ಎರಡು ಮಾಡಿ ನಡುವೆ ಕೂದಲೆಳೆಯಷ್ಟು ಅಂತರ ಬಿಟ್ಟು, ಸೆಕೆಂಡಿಗೆ ನಾಲ್ಕು ಸಲ ಮಿಡಿಯುವಂತೆ ಮಾಡಿದ್ದು. ಅವನು ಒಂದೊಂದು ಅಂಕಿಯನ್ನೂ ಬರೆದುಕೊಂಡ, ಬಾಯಿಪಾಠ ಮಾಡಿದ, ತಪ್ಪಿದಾಗ ಮತ್ತೆ ಕೇಳಿದ. ಎಷ್ಟು ಎಂದು ಕೇಳಿದನೇ ಹೊರತು ಯಾಕೆ ಎಂದು ಕೇಳಲಿಲ್ಲ. ನಿನ್ನದನ್ನು ತೆಗೆದುಕೊಂಡೆನಲ್ಲ ಎಂದೂ ಅನ್ನಲಿಲ್ಲ. ಸೇತುವೆ ದಾಟುವ ಹೊತ್ತಿಗೆ ಅವನು ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದ. ಅಕ್ಕನಿಗೆ ಅತ್ತುಬಿಡುವಷ್ಟು ಸಂಕಟವಾಯಿತು.

ಪರೀಕ್ಷಕಿಯ ಕೋಣೆ ಮೂರನೇ ಮಹಡಿಯಲ್ಲಿತ್ತು. ಹೊರಗೆ ಉದ್ದದ ಕಾರಿಡಾರು, ಬೆಂಚು, ಬೆಂಚಿನ ಮೇಲೆ ಉಳಿದಿಬ್ಬರು ಸ್ಪರ್ಧಿಗಳು ಮತ್ತು ಅವರ ಜೊತೆಗೆ ಬಂದವರು. ಒಳಗೆ ಒಂದು ಮೇಜು, ದಪ್ಪ ಪರದೆ, ಸಣ್ಣಗೆ ಕತ್ತರಿಸಿದ ಕೂದಲಿನ, ನಗುವ ಆತುರವಿಲ್ಲದ ಒಬ್ಬ ಹೆಂಗಸು. ತಮ್ಮ ತನ್ನ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದಿಟ್ಟ, ಅಕ್ಕ ಸ್ಪೀಕರ್ ಇಟ್ಟು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಳು.

ಪರೀಕ್ಷಕಿ ಸದ್ದನ್ನು ಒಮ್ಮೆ ಕೇಳಿ ಹುಬ್ಬು ಗಂಟಿಕ್ಕಿದರು. ತಮ್ಮದೇ ಕಂಪ್ಯೂಟರಿನಲ್ಲಿ ಅದೇ ಸಾಫ್ಟ್‌ವೇರ್ ತೆರೆದು ಪಟ್ಟಿ ಇಳಿಸುತ್ತ ಹೋದರು. ತಮ್ಮನ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ತನ್ನ ಕಾಲೂ ಕುಣಿಯುತ್ತಿರುವುದನ್ನು ಅಕ್ಕ ಆಮೇಲೆ ನೋಡಿಕೊಂಡಳು.

"ಎಂಟರಿಂದ ಹೊರಟಿದ್ದೀರಿ" ಎಂದರು.

"ಹೌದು ಮೇಡಂ. ಆದ್ರೆ..."

"ತಪ್ಪೇನಿಲ್ಲ. ಎಲ್ಲರೂ ಎಲ್ಲಿಂದಲೋ ಹೊರಡ್ತಾರೆ. ಎಷ್ಟು ದೂರ ಬಂದಿದ್ದೀರಿ ಅಂತ ನೋಡ್ತೀನಿ." ಎಂಟನ್ನು ನುಡಿಸಿದರು, ತಮ್ಮನ ಲ್ಯಾಪ್‌ಟಾಪಿನಲ್ಲಿದ್ದ ಒಂಬತ್ತನ್ನು ನುಡಿಸಿದರು. ಮತ್ತೆ ಎರಡನ್ನೂ ನುಡಿಸಿದರು. "ತುಂಬ ದೂರ ಬಂದಿದ್ದೀರಿ."

ತಮ್ಮ ಅಂಕಿಗಳನ್ನು ಹೇಳಿದ. ಒಂದೂ ತಪ್ಪಲಿಲ್ಲ. ಎಲ್ಲ ಕೇಳಿಸಿಕೊಂಡ ಪರೀಕ್ಷಕಿ, "ಸಾವಿರದ ಆರುನೂರಕ್ಕೆ ಯಾಕೆ ಕತ್ತರಿಸಿದ್ರಿ?" ಎಂದರು.

ಅವನು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದ. "ಕಿವಿಗೆ ಹಿತವಾಗಿರ್ಲಿ ಅಂತ."

"ನನಗೆ ಸ್ವಲ್ಪ ಮಂಕು ಅನ್ನಿಸುತ್ತೆ. ನಿಮಗಿಂತ ಮೊದಲು ಬಂದವರದು ಚುರುಕಾಗಿತ್ತು. ಎರಡು ಸ್ಥಾಯಿ ಮೇಲೆತ್ತಿ, ಆ ಕತ್ತರಿಸಿದ್ದನ್ನೂ ತೆಗೆದ್ರೆ ಹೇಗೆ?"

"ಧಾರಾಳವಾಗಿ ಮೇಡಂ." ಅವನ ಕೈ ಆಗಲೇ ಮೌಸಿನ ಮೇಲಿತ್ತು. ಎರಡು ಚಿಟಿಕೆಯಲ್ಲಿ ತಿರುಗಿಸಿ ನುಡಿಸಿದ. ಕೋಣೆಯ ತುಂಬ ತೆಳ್ಳನೆಯ, ಹೊಳೆಯುವ ಮೂರು ಸದ್ದು ಚೆಲ್ಲಿತು. ಕೇಳಲು ಚೆಂದವಾಗಿಯೇ ಇತ್ತು.

"ಇದಾಗಬಹುದು" ಎಂದು ಪರೀಕ್ಷಕಿ ಪೆನ್ನು ತೆಗೆದುಕೊಂಡರು.

ಇನ್ನರ್ಧ ನಿಮಿಷ ಸುಮ್ಮನಿದ್ದರೆ ತಮ್ಮ ಗೆದ್ದಂತೆ. ಹನ್ನೊಂದು ವರ್ಷದ ಮೇಲೆ ಅವನಿಗೊಂದು ಹೆಸರು ಬರುತ್ತದೆ, ಅಮ್ಮ ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಅಕ್ಕ ನಾಲಿಗೆಯನ್ನು ಹಲ್ಲಿನಡಿ ಒತ್ತಿ ಹಿಡಿದಳು. ಹೆಸರನ್ನಾದರೂ ನುಂಗಿಕೊಂಡಾಳು, ತಮ್ಮ ತಾನೇ. ಆದರೆ ಅಮ್ಮ ನಿಲ್ದಾಣದಲ್ಲಿ ನಿಂತಿದ್ದಾರೆ, ತಲೆಯ ಮೇಲೆ ಈ ಹೊಳೆಯುವ ಸದ್ದು ಮೊಳಗುತ್ತಿದೆ, ಸುತ್ತಲಿನವರೆಲ್ಲ ಕತ್ತೆತ್ತಿದ್ದಾರೆ, ಅಮ್ಮ ಮಾತ್ರ ಚೀಲ ಹಿಡಿದು ಸುಮ್ಮನೆ ಹಳಿ ನೋಡುತ್ತಿದ್ದಾರೆ. ಇದು ಕಣ್ಣಿಗೆ ಕಟ್ಟಿದ ಮೇಲೆ ಅವಳಿಂದ ಕೂರಲಾಗಲಿಲ್ಲ.

"ಬೇಡ" ಎಂದಳು. "ಅಷ್ಟು ಮೇಲಿಟ್ರೆ ವಯಸ್ಸಾದವರಿಗೆ ಕೇಳಿಸಲ್ಲ."

ಪರೀಕ್ಷಕಿ ತಲೆಯೆತ್ತಿದರು. ತಮ್ಮ ತಿರುಗಿ ನೋಡಿದ. ಸುಮ್ಮನಿರು ಎಂದು ಅವನ ಕಣ್ಣು ಬೇಡುತ್ತಿತ್ತು.

"ಅರವತ್ತು ದಾಟಿದವರಲ್ಲಿ ತುಂಬ ಜನಕ್ಕೆ ಮೇಲಿನ ಸ್ವರ ಹೋಗಿರುತ್ತೆ. ರೈಲಿನ ಗಡಗಡ ಎಲ್ಲ ಕೆಳಗಿರುತ್ತೆ, ಅಲ್ಲಿಟ್ರೆ ಮುಳುಗಿಹೋಗುತ್ತೆ. ಅದಕ್ಕೇ ನಡುವೆ ಇಟ್ಟಿದ್ದು. ಒಂದೇ ಸಮ ಬರೋ ಸದ್ದನ್ನ ಮಂದ ಕಿವಿ ಬೇಗ ಬಿಟ್ಟುಬಿಡುತ್ತೆ, ಮಿಡಿಯೋದನ್ನ ಬಿಡಲ್ಲ. ಅದಕ್ಕೇ ಎರಡು ಸ್ವರ." ಇಷ್ಟು ಮಾತನ್ನು ಅವಳು ಆಸ್ಪತ್ರೆಯ ಹೊರಗೆ ಯಾರ ಎದುರೂ ಆಡಿರಲಿಲ್ಲ. ಆದರೂ ನಿಲ್ಲಿಸಲಿಲ್ಲ.

ಪರೀಕ್ಷಕಿ ಪೆನ್ನನ್ನು ಕೆಳಗಿಟ್ಟು ತಮ್ಮನನ್ನು ಕೇಳಿದರು. "ಇದನ್ನು ಮಾಡಿದ್ದು ಯಾರು?"

ಅವನು ಮೌಸಿನಿಂದ ಕೈ ಹಿಂದೆಗೆದುಕೊಂಡ.

"ನಾವಿಬ್ರೂ ಸೇರಿ" ಎಂದ ತಮ್ಮ.

ಅಕ್ಕ ಹೂಂ ಎಂದರೆ ಸಾಕಿತ್ತು. ಅವನ ಶಾಲೆಯ ಅರ್ಜಿಯಿಂದ ಅಂಗಡಿಯ ಕೆಲಸದವರೆಗೆ ಅವಳು ಹೂಂ ಎನ್ನುತ್ತಲೇ ಬಂದಿದ್ದಳು. ಗಂಟಲವರೆಗೆ ಬಂದಿತ್ತು ಕೂಡ.

"ಇಲ್ಲ ಮೇಡಂ. ನಾನೊಬ್ಬಳೇ."

ತಮ್ಮನ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ. ಪರೀಕ್ಷಕಿ ಅವನು ಸಹಿ ಹಾಕಿದ್ದ ಕಾಗದವನ್ನು ಮೇಜಿನ ಮೇಲೆ ಹರಡಿ, ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ಕೂಗಾಡಲಿಲ್ಲ, ಬುದ್ಧಿ ಹೇಳಲಿಲ್ಲ. ಸದ್ದು ಸ್ಪರ್ಧೆಯಲ್ಲಿ ಉಳಿಯಬೇಕಾದರೆ ಮಾಡಿದವರು ಇವತ್ತೇ ಹೊಸ ಕಾಗದ ಕೊಡಬೇಕು, ಗೆಲ್ಲುತ್ತದೋ ಇಲ್ಲವೋ ವಾರ ಬಿಟ್ಟು ತಿಳಿಯುತ್ತದೆ ಎಂದರು. ಅಕ್ಕ ಬರೆದಳು. 'ಜೊತೆಗೆ ದುಡಿದವರು' ಎಂಬ ಜಾಗ ಬಂದಾಗ ಕೈ ನಿಂತಿತು. ಪಕ್ಕದಲ್ಲಿ ತಮ್ಮ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಕೇಳಿಸಿಕೊಂಡೇ ಅಲ್ಲೊಂದು ಅಡ್ಡಗೆರೆ ಹಾಕಿದಳು. ನೋವಾಯಿತು, ಪಶ್ಚಾತ್ತಾಪವಾಗಲಿಲ್ಲ.

ಕಾರಿಡಾರಿಗೆ ಬಂದಾಗ ತಮ್ಮನ ಫೋನು ಹೊಡೆದುಕೊಂಡಿತು. ಅಮ್ಮ. ಅವರೊಂದಿಗೆ ಮಾತಾಡಬೇಕೆಂದರೆ ಸ್ಪೀಕರ್ ಹಾಕಿ ಕೂಗಲೇಬೇಕು. ಹಾಗೆ ಅಭ್ಯಾಸವಾಗಿ ಅವನ ಬೆರಳು ತಾನಾಗಿ ಸ್ಪೀಕರ್ ಒತ್ತಿತು.

"ಏನಾಯ್ತೋ? ನಿನ್ನ ಸದ್ದು ಒಪ್ಪಿದ್ರಾ?"

ಆಮೇಲೆ ಹೇಳುತ್ತೇನೆ ಎನ್ನಬಹುದಿತ್ತು. ಅವನು ಒಮ್ಮೆ ಅಕ್ಕನನ್ನು ನೋಡಿದ.

"ಅಮ್ಮಾ, ಅದು ನಾನು ಮಾಡಿದ್ದಲ್ಲ" ಎಂದ.

"ಏನು? ಕೇಳಿಸ್ತಿಲ್ಲ."

"ನಾನು ಮಾಡಿದ್ದಲ್ಲ. ಅಕ್ಕ ಮಾಡಿದ್ದು."

"ಜೋರಾಗಿ ಹೇಳೋ, ಗಂಟಲಿಗೇನಾಗಿದೆ?"

ಬೆಂಚಿನ ಮೇಲಿದ್ದವರೆಲ್ಲ ಇತ್ತ ತಿರುಗಿದ್ದರು. ಅವನ ಕಿವಿ ಕೆಂಪಾಗಿತ್ತು. ಆದರೂ ಅವನು ಉಸಿರೆಳೆದುಕೊಂಡು, ಮೂರು ಮಹಡಿಗೆ ಕೇಳಿಸುವ ಹಾಗೆ ಕೂಗಿದ. "ಅಮ್ಮಾ, ಆ ಸದ್ದು ನಂದಲ್ಲ. ಅಕ್ಕಂದು. ನಾನು ತಗೊಂಡಿದ್ದೆ."

"ಅದು ಗೊತ್ತು ಕಣೋ" ಎಂದರು ಅಮ್ಮ. "ನೀನು ಮಾಡಿದ್ದಾಗಿದ್ರೆ ನನಗೆ ಕೇಳಿಸ್ತಲೇ ಇರ್ಲಿಲ್ಲ."

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ತಮ್ಮ ತಲೆ ತಗ್ಗಿಸಿದ. ಅಕ್ಕನಿಗೆ ನಗು ಬರಲಿಲ್ಲ. ಹಾಗಾದರೆ ಅವತ್ತು ಸಂಜೆ ತಲೆಯಾಡಿಸಿ ಚೆನ್ನಾಗಿದೆ ಎಂದಾಗಲೇ ಅಮ್ಮನಿಗೆ ಗೊತ್ತಿತ್ತು. ತಾನು ಎದ್ದು ಅಡುಗೆಮನೆಗೆ ಹೋದದ್ದನ್ನೂ ನೋಡಿದ್ದರು. ಈ ತಿಂಗಳಿಡೀ ನೋಡುತ್ತಲೇ ಇದ್ದರು.

ಅವಳು ತಮ್ಮನ ಕೈಯಿಂದ ಫೋನು ತೆಗೆದುಕೊಂಡಳು.

"ಗೊತ್ತಿದ್ದೂ ಯಾಕಮ್ಮ ಸುಮ್ಮನಿದ್ದೆ?"

ಮೆಲ್ಲಗೆ ಕೇಳಿಬಿಟ್ಟಿದ್ದಳು.

"ಏನು? ಕೇಳಿಸ್ಲಿಲ್ಲ, ಜೋರಾಗಿ ಹೇಳು."

ಅದೇ ಮಾತನ್ನು ಕೂಗಿ ಕೇಳಲು ಅವಳಿಗೆ ಬಾಯಿ ಬರಲಿಲ್ಲ. "ಊಟಕ್ಕೆ ಬರ್ತೀವಿ" ಎಂದು ಕೂಗಿ ಫೋನಿಟ್ಟಳು. ತಮ್ಮ ಅವಳ ಹೆಗಲಿನಿಂದ ಸ್ಪೀಕರಿನ ಚೀಲ ಇಳಿಸಿಕೊಂಡು ಮೆಟ್ಟಿಲ ಕಡೆ ನಡೆದ.