ಸೆನೆಟರಿಗೊಂದು ಸನ್ಮಾನ ಪತ್ರ

ಟೆಕ್ಸಸ್ಸಿನ ಕನ್ನಡ ಸಂಘಗಳಿಗೆ ಸನ್ಮಾನ ಪತ್ರ ಬೇಕೆಂದರೆ ಫೋನು ಬರುತ್ತಿದ್ದದ್ದು ಜಯಂತನಿಗೆ. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ಮನೆಯಲ್ಲಿ, ಊಟದ ಮೇಜಿನ ಮುಂದೆ ಕೂತು, ಹದಿನೇಳು ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ಪತ್ರ ಬರೆದಿದ್ದ. ಊರಿಂದ ಬಂದ ಗಾಯಕರಿಗೆ, ಸ್ವಾಮಿಗಳಿಗೆ, ಎರಡು ಸಲ ಸೋತು ಮೂರನೇ ಸಲ ಗೆದ್ದ ಶಾಸಕರೊಬ್ಬರಿಗೆ. ಪತ್ರ ಓದುವಾಗ ಜನ ಮೊಬೈಲು ನೋಡುತ್ತಿದ್ದರು, ಮಕ್ಕಳನ್ನು ಹುಡುಕುತ್ತಿದ್ದರು, ಊಟದ ಸಾಲು ಎಷ್ಟುದ್ದ ಬೆಳೆದಿದೆ ಎಂದು ಕಣ್ಣಲ್ಲೇ ಅಳೆಯುತ್ತಿದ್ದರು. ಕೊನೆಗೆ ಚಪ್ಪಾಳೆ. ಜಯಂತನಿಗೆ ಇದರಿಂದ ಬೇಸರವೇನೂ ಇರಲಿಲ್ಲ. ಮಾತು ಕಡಿಮೆಯ ಮನುಷ್ಯ ಅವನು. ಬರೆದು ಕೊಟ್ಟರೆ ಕೆಲಸ ಮುಗಿಯಿತು, ಯಾರೂ ಎದುರು ಮಾತಾಡುವುದಿಲ್ಲ.

ಈ ಸಲ ಪತ್ರ ಬೇಕಾಗಿದ್ದದ್ದು ಸೆನೆಟರ್ ಹ್ಯಾಲ್ವರ್ಸನ್ ಎಂಬಾತನಿಗೆ. ಆತ ಟೆಕ್ಸಸ್ಸಿನವನಲ್ಲ, ಉತ್ತರದ ಒಂದು ಪುಟ್ಟ ರಾಜ್ಯದವನು. ಆ ರಾಜ್ಯದ ಅಷ್ಟೂ ಜನರನ್ನು ತಂದು ಸುರಿದರೂ ಬೆಂಗಳೂರಿನ ಎರಡು ವಿಧಾನಸಭಾ ಕ್ಷೇತ್ರ ತುಂಬುವುದು ಕಷ್ಟ. ಮೂರು ಬಾರಿ ಕಾಲು ಚಾಚಿಕೊಂಡು ಗೆದ್ದಿದ್ದವನು ಈ ನವೆಂಬರಿನ ಚುನಾವಣೆಯಲ್ಲಿ ಒಬ್ಬ ಸ್ಕೂಲ್ ಟೀಚರಮ್ಮನ ಎದುರು ಏದುಸಿರು ಬಿಡುತ್ತಿದ್ದ. ಟಿವಿ ಜಾಹೀರಾತಿಗೆ ದುಡ್ಡು ಬೇಕು. ದುಡ್ಡಿರುವುದು ಟೆಕ್ಸಸ್ಸಿನ ಡಾಕ್ಟರುಗಳ ಹತ್ತಿರ. ಆದ್ದರಿಂದ ಶುಕ್ರವಾರ ಡಲ್ಲಾಸ್, ಶನಿವಾರ ಹ್ಯೂಸ್ಟನ್, ಭಾನುವಾರ ಆಸ್ಟಿನ್ ಎಂದು ಮೂರು ದಿನದ ಪ್ರವಾಸ ಹೊರಟಿದ್ದ.

ಅವನಿಂದ ಇವರಿಗೆ ಆಗಬೇಕಾದದ್ದೂ ಒಂದಿತ್ತು. ವೀಸಾ ಮಕ್ಕಳ ಮಸೂದೆ, ಅಂದರೆ ಅಪ್ಪ ಅಮ್ಮನ ವೀಸಾದಲ್ಲಿ ಬಂದು ಬೆಳೆದ ಮಕ್ಕಳನ್ನು ಇಲ್ಲೇ ಉಳಿಸುವ ಮಸೂದೆ, ಹದಿನಾಲ್ಕು ತಿಂಗಳಿಂದ ಅವನು ಅಧ್ಯಕ್ಷನಾಗಿದ್ದ ಉಪಸಮಿತಿಯ ಮುಂದೆ ಬಿದ್ದಿತ್ತು. ಅವನು ಕೈಯೆತ್ತಿ ಮುಂದಕ್ಕೆ ಕಳಿಸಿದರೆ ಮಿಕ್ಕವರು ಓಟು ಹಾಕುತ್ತಾರೆ. ಕಳಿಸದಿದ್ದರೆ ಅಲ್ಲೇ ಇರುತ್ತದೆ. ಅವನು ಕಳಿಸುತ್ತಿರಲಿಲ್ಲ.

ಜಯಂತನ ಮಗಳು ನಿಶಿತಾಗೆ ಅಕ್ಟೋಬರ್ ಇಪ್ಪತ್ತೆರಡಕ್ಕೆ ಇಪ್ಪತ್ತೊಂದು ತುಂಬುತ್ತಿತ್ತು. ನಾಲ್ಕು ವರ್ಷದವಳಿದ್ದಾಗ ಮೈಸೂರಿನಿಂದ ಅಪ್ಪನ ವೀಸಾದ ಬಾಲ ಹಿಡಿದು ಬಂದವಳು. ಅಪ್ಪನ ಗ್ರೀನ್ ಕಾರ್ಡ್ ಸರದಿ ಇನ್ನೂ ಬಂದಿಲ್ಲ. ಇಪ್ಪತ್ತೊಂದಾದ ದಿನ ಅವಳು ಆ ಅರ್ಜಿಯಿಂದ ಬಿದ್ದುಹೋಗುತ್ತಾಳೆ. ವಿದ್ಯಾರ್ಥಿ ವೀಸಾ ಸಿಕ್ಕಿದರೆ ಓದು ಮುಗಿಯುವ ತನಕ ಇರಬಹುದು, ಆಮೇಲೆ ಗಂಟು ಮೂಟೆ. ಸಿಗದಿದ್ದರೆ ಈಗಲೇ. ಮಸೂದೆ ಪಾಸಾದರೆ ಇದ್ಯಾವುದೂ ಇಲ್ಲ.

"ನೀವು ಚಿಂತಿ ಮಾಡಬ್ಯಾಡ್ರಿ," ಎಂದಿದ್ದರು ಡಾಕ್ಟರ್ ಮೋಹನರಾಜ. ಹುಬ್ಬಳ್ಳಿ ಕಡೆಯವರು, ಹ್ಯೂಸ್ಟನ್ನಿನಲ್ಲಿ ಮೂವತ್ತು ವರ್ಷ ಹೃದಯದ ಡಾಕ್ಟರಾಗಿದ್ದು ನಿವೃತ್ತರಾದವರು, ಈ ಪ್ರವಾಸಕ್ಕೆಲ್ಲ ಮುಖಂಡರು. "ಮಕ್ಕಳ ವಿಷಯಕ್ಕಂತನ ಅವನ್ನ ಕರಸಾಕತ್ತೇವಿ. ನಾನ ಎದ್ದು ನಿಂತು ಕೇಳತೀನಿ. ನೀವೊಂದು ಚಲೋ ಸನ್ಮಾನ ಪತ್ರ ಬರ್ಕೊಂಡು ಬರ್ರಿ, ಸಾಕು."

ಗ್ರೀನ್ ಕಾರ್ಡ್ ಇಲ್ಲದವರು ಚುನಾವಣೆಗೆ ಒಂದು ಡಾಲರ್ ಕೊಡುವಂತಿಲ್ಲ, ಅದು ಇಲ್ಲಿಯ ಕಾನೂನು. ಆದರೆ ಬಿಟ್ಟಿ ಚಾಕರಿ ಮಾಡಬಹುದು. ಹೀಗಾಗಿ ಸೆನೆಟರನ ಅಗತ್ಯ ಯಾರಿಗೆ ಜಾಸ್ತಿ ಇತ್ತೋ ಅವರೆಲ್ಲ ಅಡುಗೆಮನೆಯಲ್ಲಿ, ಅಷ್ಟೇನೂ ಇಲ್ಲದವರೆಲ್ಲ ಅವನ ಪಕ್ಕದಲ್ಲಿ ಎಂದು ತಾನಾಗಿ ಏರ್ಪಾಟಾಗಿತ್ತು. ಜಯಂತನ ಹೆಂಡತಿ ಸುಮೇಧಾ ಎರಡು ದಿನ ನಿಂತು ನೂರಿಪ್ಪತ್ತು ಕೋಡುಬಳೆ ಕರಿದಿದ್ದಳು. "ಅವನಿಗೆ ಖಾರ ಆಗತ್ತೇನೋ," ಎಂದು ಅರ್ಧಕ್ಕೆ ಮೆಣಸಿನಪುಡಿ ಹಾಕಿರಲಿಲ್ಲ.

ಶನಿವಾರ ಬೆಳಿಗ್ಗೆ ಮೂವರೂ ಹ್ಯೂಸ್ಟನ್ ದಾರಿ ಹಿಡಿದಾಗ ಕಾರಿನ ಸ್ಪೀಕರಿನಲ್ಲಿ ಡಲ್ಲಾಸಿನಿಂದ ಪ್ರಭಂಜನನ ಫೋನು. ಅಲ್ಲಿಯ ಕಾರ್ಯಕ್ರಮ ಮಾಡಿಸಿದವನು.

"ಸೂಪರ್ ಆಯ್ತು ಗುರೂ. ಪೇಟ ತೊಡಿಸಿದ್ವಿ, ಮೂರು ಸಲ ಸೆಲ್ಫಿ ತಗೊಂಡ ಪುಣ್ಯಾತ್ಮ."

"ಮಕ್ಕಳ ವಿಷಯ?"

"ಅದು... ಇಲ್ಲಿ ಟೈಮ್ ಆಗ್ಲಿಲ್ಲಪ್ಪ. ಹ್ಯೂಸ್ಟನ್‌ನಲ್ಲಿ ಡಾಕ್ಟ್ರು ಎತ್ತುತಾರಲ್ಲ. ನೀನು ಅಲ್ಲೇ ಇರ್ತೀಯ, ನೆನಪು ಮಾಡು."

ಜಯಂತ ಫೋನಿಟ್ಟ. ಹಿಂದಿನ ಸೀಟಿನಿಂದ ನಿಶಿತಾ ಇಂಗ್ಲಿಷಿನಲ್ಲಿ ಕೇಳಿದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಉತ್ತರ ಯಾವಾಗಲೂ ಇಂಗ್ಲಿಷಿನಲ್ಲೇ. "ಅಪ್ಪ, ಸೆಲ್ಫಿಗೆ ಟೈಮ್ ಇತ್ತಂತಾ?"

 ಸುಮೇಧಾ ಕೋಡುಬಳೆಯ ಡಬ್ಬಿಯನ್ನು ತೊಡೆಯ ಮೇಲೆ ಇನ್ನಷ್ಟು ಒತ್ತಿ ಹಿಡಿದುಕೊಂಡಳು.

ಹ್ಯೂಸ್ಟನ್ ಅಂಚಿನ ಸೈಪ್ರೆಸ್ಸಿನಲ್ಲಿ ಮೋಹನರಾಜರ ಮನೆಯ ಮುಂದೆ ಕಾರುಗಳು ಎರಡೂ ಕಡೆ ನಿಂತಿದ್ದವು. ಸೆನೆಟರ್ ಒಳಗೆ ಬಂದಾಗಿತ್ತು. ಎತ್ತರದ ಆಳು, ದೊಡ್ಡ ಕೈ, ಎಲ್ಲರ ಹೆಸರನ್ನೂ ಒಂದು ಸಲ ತಪ್ಪಾಗಿ ಹೇಳಿ ಆಮೇಲೆ ಸರಿಯಾಗಿ ಹೇಳುವ ಅಭ್ಯಾಸ. ಡಾಕ್ಟರು ಜಯಂತನನ್ನು ನೋಡಿದವರೇ ಭುಜ ಹಿಡಿದು ಅಡುಗೆಮನೆ ಪಕ್ಕದ ಉಗ್ರಾಣದಂಥ ಪ್ಯಾಂಟ್ರಿಯ ಹತ್ತಿರ ಕರೆದೊಯ್ದರು.

"ಜಯಂತ್, ಒಂದು ಮಾತು. ಮಕ್ಕಳ ವಿಷಯ ಇವತ್ತ ಬ್ಯಾಡ ಅಂತ ಆಗೇತ್ರಿ. ಅವನ ಆಫೀಸಿನವರು ಒಂದ ವಿಷಯ ಎತ್ರಿ ಅಂದ್ರು. ನಾವು ಡಾಕ್ಟರ್ ಮಂದಿ ಕೂಡಿ ಸರ್ಕಾರ ನಮಗ ಕೊಡೋ ಮೆಡಿಕೇರ್ ರೇಟಿಂದು ಕೇಳೋಣು ಅಂತ ಮಾಡೇವಿ."

ಜಯಂತ ಅವರ ಮುಖವನ್ನೇ ನೋಡಿದ.

"ಹಂಗ್ಯಾಕ ನೋಡತೀರಿ? ನಾಳೆ ಆಸ್ಟಿನ್‌ನ್ಯಾಗ ಐತಲ್ಲ. ನಿಮ್ಮ ಮನಿ ಬಾಗಿಲಿಗೇ ಬರ್ತಾನ. ಅಲ್ಲೇ ಕೇಳಿದ್ರಾತು."

"ಡಾಕ್ಟ್ರೇ, ನೀವು ಮಾತು ಕೊಟ್ಟಿದ್ರಿ."

"ಮಾತು ಎಲ್ಲಿ ಹೋಗತೈತ್ರಿ? ನಾಳೆ." ಎಂದು ಅವರು ಹೊರಟೇಹೋದರು.

ಪ್ಯಾಂಟ್ರಿಯ ಆಚೆ ಓಣಿಯಲ್ಲಿ ಸೆನೆಟರನ ಆಫೀಸಿನ ಹುಡುಗಿ, ಕೈಯಲ್ಲಿ ಹೆಸರುಗಳ ಪಟ್ಟಿ ಹಿಡಿದವಳು, ಫೋನಿನಲ್ಲಿ ಮಾತಾಡುತ್ತಿದ್ದಳು. ಜಯಂತ ಬೇಕೆಂದು ಕೇಳಿಸಿಕೊಳ್ಳಲಿಲ್ಲ. ಆಸ್ಟಿನ್ ಕಾರ್ಯಕ್ರಮ ರದ್ದು, ಬೆಳಿಗ್ಗೆಯೇ ಎಲ್ಲರಿಗೂ ತಿಳಿಸಿಯಾಗಿದೆ, ಹೊಸ ಸಮೀಕ್ಷೆಯಲ್ಲಿ ಸೆನೆಟರ್ ಶೇಕಡಾ ಎರಡರಷ್ಟು ಹಿಂದೆ ಬಿದ್ದಿದ್ದಾರೆ, ಸಂಜೆಯ ವಿಮಾನಕ್ಕೇ ವಾಪಸ್ಸು ಎಂದು ಅವಳು ಯಾರಿಗೋ ಹೇಳುತ್ತಿದ್ದಳು. ಬೆಳಿಗ್ಗೆಯೇ ಎಲ್ಲರಿಗೂ. ಅಂದರೆ ಮೋಹನರಾಜರಿಗೂ.

ಸಿಟ್ಟು ತನಗೆ ಹೀಗೆ ಬರುತ್ತದೆ ಎಂದು ಜಯಂತನಿಗೆ ಗೊತ್ತಿರಲಿಲ್ಲ. ಅದು ಕೂಗಿಕೊಂಡು ಬರಲಿಲ್ಲ. ನೀರು ಏರಿದ ಹಾಗೆ, ತಣ್ಣಗೆ ಏರಿತು. ಜೇಬಿನಲ್ಲಿದ್ದ ಸನ್ಮಾನ ಪತ್ರವನ್ನು ಒಮ್ಮೆ ಮುಟ್ಟಿ ನೋಡಿಕೊಂಡ. 'ಅನಿವಾಸಿ ಕನ್ನಡಿಗರ ಆಪ್ತಮಿತ್ರ' ಎಂದು ತಾನೇ ಬರೆದಿದ್ದ. ಎರಡು ಸಲ ತಿದ್ದಿ, ಹಾಗೆಂದು ಬರೆದಿದ್ದ.

ಹಾಲಿನಲ್ಲಿ ನಲವತ್ತು ಜನ. ಹಾರ ಆಯಿತು, ಶಾಲು ಆಯಿತು, ಡಾಕ್ಟರ ಹೆಂಡತಿ ಲೀಲಾವತಿ ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ಸೆನೆಟರನ ತಲೆಗೆ ಚಿಕ್ಕದಾಯಿತು, ಎಲ್ಲರೂ ನಕ್ಕರು, ಅವನೂ ನಕ್ಕ. ಜಯಂತ ಮೈಕು ಹಿಡಿದ. ಕಾಗದವನ್ನು ಬಿಚ್ಚಿ ಕಣ್ಣ ಮುಂದೆ ಹಿಡಿದನಾದರೂ ಅದರಲ್ಲಿದ್ದದ್ದನ್ನು ಓದಲಿಲ್ಲ.

"ಮಾನ್ಯರೇ," ಎಂದು ಕನ್ನಡದಲ್ಲೇ, ಅದೇ ಎಂದಿನ ಗಂಭೀರ ರಾಗದಲ್ಲಿ ಶುರುಮಾಡಿದ. "ತಾವು ಹದಿನಾಲ್ಕು ತಿಂಗಳಿಂದ ಒಂದೇ ಕಡತದ ಮೇಲೆ ಕೂತು, ಕದಲದೆ, ಘೋರ ತಪಸ್ಸು ಮಾಡುತ್ತಿರುವ ಸ್ಥಿತಪ್ರಜ್ಞರು. ತಮ್ಮ ಅಡಿಯಲ್ಲಿ ಎಷ್ಟೋ ಮಕ್ಕಳ ಹೆಸರುಗಳು ನಲುಗುತ್ತಿದ್ದರೂ ತಮ್ಮ ಧ್ಯಾನಕ್ಕೆ ಭಂಗವಾಗಲಿಲ್ಲ."

ಯಾರೂ ತಲೆಯೆತ್ತಲಿಲ್ಲ. ಯಾರದೋ ಮೊಬೈಲು ಟಿಂಗ್ ಎಂದಿತು.

"ತಮ್ಮನ್ನು ಇಲ್ಲಿಗೆ ಕರೆತಂದ ಮಹನೀಯರು ಆ ಮಕ್ಕಳ ಹೆಸರು ಹೇಳಿಯೇ ಕರೆತಂದರು. ತಾವು ಬಂದ ಮೇಲೆ ಆ ಹೆಸರು ಹೇಳಲು ಅವರಿಗೆ ನಾಚಿಕೆಯಾಗಿದೆ. ಡಲ್ಲಾಸ್ ಹ್ಯೂಸ್ಟನ್ ಕಡೆ ಕೈ ತೋರಿಸಿತು, ಹ್ಯೂಸ್ಟನ್ ಆಸ್ಟಿನ್ ಕಡೆ. ಆಸ್ಟಿನ್ ಇಲ್ಲವೇ ಇಲ್ಲ ಎಂಬುದು ಬೆಳಿಗ್ಗೆಯೇ ತಿಳಿದಿದ್ದರೂ ತೋರಿಸಿತು."

ಮೊದಲು ತಲೆಯೆತ್ತಿದ್ದು ಲೀಲಾವತಿ. ಆಮೇಲೆ ಅವರ ಪಕ್ಕದವರು. ಮೌನ ಒಂದೊಂದೇ ಕುರ್ಚಿ ದಾಟಿಕೊಂಡು ಹಿಂದಿನ ಸಾಲಿನವರೆಗೂ ಹೋದದ್ದನ್ನು ಜಯಂತ ನಿಂತಲ್ಲಿಂದಲೇ ಕಂಡ. ಹದಿನೇಳು ವರ್ಷದಲ್ಲಿ ಮೊದಲ ಬಾರಿ ಜನ ಕೇಳಿಸಿಕೊಳ್ಳುತ್ತಿದ್ದರು.

"ನಮ್ಮ ಹೆಂಗಸರು ತಮಗಾಗಿ ಎರಡು ದಿನ ಎಣ್ಣೆಯ ಮುಂದೆ ನಿಂತರು. ತಮಗೆ ಖಾರ ತಾಗೀತೆಂದು ಮೆಣಸಿನಪುಡಿ ಕಡಿಮೆ ಹಾಕಿದರು. ನಮ್ಮ ಹೆದರಿಕೆ ಆ ಮಟ್ಟದ್ದು. ಇಷ್ಟು ಹೆದರುವವರ ಮಕ್ಕಳನ್ನು ಹೊರಗೆ ಹಾಕುವುದು ಎಷ್ಟು ಸುಲಭ ಎಂದು ತಾವು ಸರಿಯಾಗಿಯೇ ತಿಳಿದಿದ್ದೀರಿ. ಈ ತಿಳಿವಳಿಕೆಗಾಗಿ ತಮ್ಮನ್ನು ಸನ್ಮಾನಿಸುತ್ತಿದ್ದೇವೆ."

ಮುಗಿಯಿತು. ಸೆನೆಟರ್ ಕೈಯನ್ನು ಎದೆಯ ಮೇಲಿಟ್ಟುಕೊಂಡಿದ್ದ. ಈ ನಿಶ್ಶಬ್ದ ಅವನಿಗೆ ಭಕ್ತಿಯ ಹಾಗೆ ಕಂಡಿತ್ತು. ಮೋಹನರಾಜರು ಜೋರಾಗಿ ಚಪ್ಪಾಳೆ ತಟ್ಟಿದರು. ಒಬ್ಬೊಬ್ಬರಾಗಿ ಎಲ್ಲರೂ ತಟ್ಟಿದರು. ಬಿಡದೆ ತಟ್ಟಿದರು.

"ಎಷ್ಟು ಚಂದದ ಭಾಷೆ. ಏನು ಹೇಳಿದ್ರು?" ಎಂದು ಸೆನೆಟರ್ ಇಂಗ್ಲಿಷಿನಲ್ಲಿ ಕೇಳಿದ.

"ನಮ್ಮಲ್ಲಿ ದೊಡ್ಡವರಿಗೆ ಹೇಳುವ ಹಾರೈಕೆ," ಎಂದರು ಮೋಹನರಾಜರು, ಬಂದ ಬೆವರನ್ನು ಒರೆಸಿಕೊಳ್ಳುತ್ತ.

ಜಯಂತ ಮೈಕು ಕೊಟ್ಟು ಅಡುಗೆಮನೆಗೆ ಬಂದ. ಎದೆ ಹಗುರಾಗಿತ್ತು. ಸುಮೇಧಾ ಅವನ ಕಡೆ ನೋಡಿ ಕಣ್ಣೊರೆಸಿಕೊಂಡಳು. ನಿಶಿತಾ ಸಿಂಕಿಗೆ ಒರಗಿ ನಿಂತಿದ್ದಳು.

"ಎಲ್ಲರಿಗೂ ಹೇಳಿದೆ ಅಪ್ಪ," ಎಂದಳು. "ಅವನೊಬ್ಬನನ್ನು ಬಿಟ್ಟು."

ಜಯಂತನ ಎದೆಯ ಹಗುರ ಅಲ್ಲಿಗೆ ಇಳಿದುಹೋಯಿತು.

"ಅವನಿಗೆ ಅರ್ಥ ಆಗಲ್ಲ ಅಂತ ಗೊತ್ತಿದ್ದಿದ್ದಕ್ಕೇ ಅಷ್ಟು ಚೆನ್ನಾಗಿ ಹೇಳಿದೆ," ಎಂದಳು. ಅವಳ ದನಿಯಲ್ಲಿ ಕೋಪವಿತ್ತು; ಅದು ಸೆನೆಟರನ ಮೇಲಿನದಲ್ಲ. "ನನಗೆ ಇನ್ನು ಐದು ವಾರ ಇದೆ."

"ಬಿಡೇ, ಅಪ್ಪನಿಗೆ ಹಾಗೆಲ್ಲ ಅನ್ನಬೇಡ," ಎಂದಳು ಸುಮೇಧಾ.

"ಇಲ್ಲ. ಸರಿಯಾಗೇ ಹೇಳ್ತಿದಾಳೆ," ಎಂದ ಜಯಂತ.

ಸೆನೆಟರನ ಜೊತೆ ಫೋಟೋ ತೆಗೆಸಿಕೊಳ್ಳುವವರ ಸಾಲು ಶುರುವಾಗಿತ್ತು. ಜಯಂತ ಸಾಲಿನಲ್ಲಿ ನಿಲ್ಲಲಿಲ್ಲ, ನೇರ ಮುಂದಕ್ಕೆ ಹೋದ. ಪಟ್ಟಿಯ ಹುಡುಗಿ ಅಡ್ಡ ಬಂದು ಹೆಸರು ಕೇಳಿದಳು.

"ನಿಮ್ಮ ಪಟ್ಟಿಯಲ್ಲಿ ಇರಲ್ಲ," ಎಂದ. ಆಫೀಸಿನ ಮೀಟಿಂಗಿನಲ್ಲೂ ಎರಡು ಸಲ ಯೋಚಿಸಿ ಬಾಯಿ ತೆರೆಯುತ್ತಿದ್ದವನ ಇಂಗ್ಲಿಷು ಅವನಿಗೇ ಒರಟಾಗಿ ಕೇಳಿಸಿತು. "ಸೆನೆಟರ್, ನಾನು ಓದಿದ್ದು ಹಾರೈಕೆಯಲ್ಲ. ಅದರಲ್ಲಿ ನಿಮ್ಮನ್ನು ಬೈದಿದ್ದೆ."

ಕ್ಯಾಮೆರಾದವನು ಕೈ ಇಳಿಸಿದ. ಮೋಹನರಾಜರು "ಜಯಂತ್, ಜಯಂತ್" ಎನ್ನುತ್ತ ತೋಳು ಹಿಡಿದರು. ಜಯಂತ ಬಿಡಿಸಿಕೊಂಡ.

"ಇವಳು ನನ್ನ ಮಗಳು. ಅಕ್ಟೋಬರ್ ಇಪ್ಪತ್ತೆರಡಕ್ಕೆ ಇಪ್ಪತ್ತೊಂದು. ಆ ಮಸೂದೆಯನ್ನು ಯಾಕೆ ಬಿಡುತ್ತಿಲ್ಲ, ಅದೊಂದು ಹೇಳಿ."

ಸೆನೆಟರ್ ಅವನ ಹಿಂದೆ ಬಂದು ನಿಂತಿದ್ದ ನಿಶಿತಾಳನ್ನು ನೋಡಿದ. ಎಲ್ಲರಿಗೂ ಕೊಡುತ್ತಿದ್ದ ನಗುವನ್ನು ಅವಳಿಗೆ ಕೊಡಲಿಲ್ಲ. ಅದು ಅವನ ಸೌಜನ್ಯವೋ ಸುಸ್ತೋ ತಿಳಿಯಲಿಲ್ಲ.

"ನಿಜ ಹೇಳಲಾ?" ಎಂದ. "ಅದು ಒಳ್ಳೆಯ ಮಸೂದೆ. ನವೆಂಬರಿಗೆ ಮುಂಚೆ ಮುಟ್ಟಿದರೆ ಮಾರನೇ ದಿನ ಟಿವಿಯಲ್ಲಿ ನನ್ನ ಮುಖ ಹಾಕಿ, ಹೊರಗಿನವರ ಏಜೆಂಟ್ ಅಂತಾರೆ. ನಮ್ಮದು ಚಿಕ್ಕ ರಾಜ್ಯ. ನಾಲ್ಕು ಸಾವಿರ ಓಟು ಆಚೀಚೆ ಆದರೆ ನಾನು ಮನೆಗೆ. ಚುನಾವಣೆ ಮುಗಿಯಲಿ, ಬಂದು ಕೇಳಿ."

"ಆಗ ನಾನು ಮನೆಗೆ," ಎಂದಳು ನಿಶಿತಾ. "ನಿಮಗಾದರೂ ಅಲ್ಲಿ ಒಂದು ಮನೆ ಇದೆ."

 ಹುಡುಗಿ ಗಡಿಯಾರ ತೋರಿಸಿದಳು. ಸಾಲು ಮುಂದಕ್ಕೆ ಸರಿಯಿತು. ಸುಳ್ಳಿಗೆ ಬರಬಹುದಾಗಿದ್ದಕ್ಕಿಂತ ಹೆಚ್ಚು ಸಿಟ್ಟು ಜಯಂತನಿಗೆ ಅವನ ನಿಜದ ಮೇಲೆ ಬಂತು. ಸುಳ್ಳು ಹೇಳಿದ್ದರೆ ಕಾಯುತ್ತಾದರೂ ಇರಬಹುದಿತ್ತು.

ಹೊರಡುವಾಗ ಮೋಹನರಾಜರು ಬಾಗಿಲಲ್ಲಿ ನಿಂತಿದ್ದರು. "ಎಂಥಾ ಕೆಲಸ ಮಾಡಿದ್ರಿ ಜಯಂತ್. ಇನ್ನ ಯಾರು ಬರ್ತಾರ ನಮ್ಮ ಕಡೆ?"

"ಯಾರು ಬಂದಿದ್ರು ಡಾಕ್ಟ್ರೇ?" ಎಂದ ಜಯಂತ.

ಸೋಮವಾರ ಸಂಜೆ ಆರಕ್ಕೆ ಅವನು ಆಫೀಸಿನಿಂದ ಬಂದಾಗ ನಿಶಿತಾ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಸೆನೆಟರನ ಎದುರು ನಿಂತಿದ್ದ ಆ ಟೀಚರಮ್ಮನ ಪ್ರಚಾರಕ್ಕೆ ಮನೆಯಿಂದಲೇ ಫೋನ್ ಮಾಡುವವರು ಬೇಕಂತೆ. ಓಟಿಲ್ಲದವರೂ ಮಾಡಬಹುದಂತೆ, ಸಂಬಳ ತೆಗೆದುಕೊಳ್ಳಬಾರದು ಅಷ್ಟೆ.

"ಆಯಮ್ಮ ಮಸೂದೆ ಬಗ್ಗೆ ಏನಂತಾಳೆ?" ಎಂದು ಕೇಳಿದ.

"ಕೇಳಿದೆ. ನಮ್ಮ ರಾಜ್ಯದಲ್ಲಿ ಅದೊಂದು ವಿಷಯವೇ ಅಲ್ಲ ಅಂದ್ರು ಅವರ ಆಫೀಸಿನವರು."

"ಮತ್ತೆ ಅವಳು ಗೆದ್ದರೆ ನಮಗೇನು?"

"ಏನೂ ಇಲ್ಲ." ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅವನು ಸೋಲಬೇಕು, ಅಷ್ಟೇ. ನಾಲ್ಕು ಸಾವಿರ ಅಂದನಲ್ಲ."

ಸುಮೇಧಾ ಕಾಫಿ ತಂದಿಟ್ಟು, ಇಬ್ಬರ ಮುಖವನ್ನೂ ನೋಡಿ, ಟಿವಿ ಆರಿಸಿ ಒಳಗೆ ಹೋದಳು. ಜಯಂತ ಕುರ್ಚಿ ಎಳೆದುಕೊಂಡು ತಾನೂ ಫೋನು ಹಿಡಿದ. ಪರದೆಯ ಮೇಲೆ ಎಂದೂ ಕೇಳದ ಊರುಗಳ ಹೆಸರು, ಎಂದೂ ನೋಡದ ಜನರ ನಂಬರು. ಮೊದಲ ಆರು ಜನ ಅವನ ಉಚ್ಚಾರಣೆ ಕೇಳಿದ ಕೂಡಲೇ ಫೋನಿಟ್ಟರು. ಏಳನೆಯವನು ಬೈದು ಇಟ್ಟ. ಎಂಟನೆಯ ಫೋನನ್ನು ಒಬ್ಬ ಮುದುಕಿ ಎತ್ತಿದಳು.

"ಯಾರು? ಎಲ್ಲಿಂದ?"

ಪ್ರಚಾರದವರು ಬರೆದುಕೊಟ್ಟಿದ್ದ ಸಾಲುಗಳು ಎದುರಿಗಿದ್ದವು. ಜಯಂತ ಅವನ್ನು ಓದಲಿಲ್ಲ.

"ನನ್ನ ಹೆಸರು ಜಯಂತ ಅಂತ. ಟೆಕ್ಸಸ್ಸಿನಿಂದ. ನನಗೆ ಓಟಿಲ್ಲ, ಅಮ್ಮಾ. ನಿಮಗಿದೆ. ಶನಿವಾರ ನಿಮ್ಮ ಸೆನೆಟರ್ ನನ್ನ ಮಗಳ ಮುಖ ನೋಡಿ ಒಂದು ಮಾತು ಹೇಳಿದರು. ಎರಡು ನಿಮಿಷ ಕೇಳ್ತೀರಾ?"

 ಆ ಕಡೆ ಎಲ್ಲೋ ದೂರದಲ್ಲಿ ನಾಯಿ ಬೊಗಳಿತು, ಯಾವುದೋ ಕುರ್ಚಿ ಕಿರುಗುಟ್ಟಿತು. ಫೋನು ಕಟ್ಟಾಗಲಿಲ್ಲ. ಅವನು ಹೇಳಲು ಶುರುಮಾಡಿದ.